ಫೋಟೋ ತಂತ್ರಾಂಶಗಳಲ್ಲಿ ಪ್ರತ್ಯೇಕ ಚಿತ್ರಸಂಗ್ರಹಗಳು

ಕಂಪ್ಯೂಟರಿನಲ್ಲಿ ಶೇಖರವಾದ ಛಾಯಾಚಿತ್ರಗಳನ್ನು ವಿಂಗಡಿಸಿ, ಹೆಸರು ಹಚ್ಚಿ, ಬೇಕೆಂದಾಗ ಹುಡುಕಿ ತೆಗೆಯಲು ನೆರವಾಗುವ ತಂತ್ರಾಂಶಗಳು ಆ ಚಿತ್ರಗಳ ಲೆಕ್ಕವನ್ನು ಒಂದು ಸೂಚಿಯಲ್ಲಿ ಬರೆದಿಟ್ಟುಕೊಳ್ಳುತ್ತವೆ. ಈ ಸೂಚಿಯನ್ನೂ ಅದಕ್ಕೆ ಸೇರಿದ ಚಿತ್ರಗಳನ್ನೂ ಒಟ್ಟಾಗಿ ಲೈಬ್ರರಿ, ಕ್ಯಾಟಲಾಗ್ ಅಥವಾ ಚಿತ್ರಸಂಗ್ರಹ ಎಂದು ಕರೆಯುವುದು ರೂಢಿ. ಒಬ್ಬರೇ ಬಳಕೆದಾರರು ಇಂಥ ಹಲವು ಸಂಗ್ರಹಗಳನ್ನು ಒಂದರೊಳಗೊಂದು ಬೆರೆಯದಂತೆ ಇಟ್ಟುಕೊಂಡು, ಅಗತ್ಯಕ್ಕೆ ತಕ್ಕಂತೆ ತೆರೆಯುವ, ಭಾಗಿಸುವ, ಕೂಡಿಸುವ ಕ್ರಮವೇ ಪ್ರತ್ಯೇಕ ಸಂಗ್ರಹಗಳ ನಿರ್ವಹಣೆ.

ಲೈಬ್ರರಿಗೂ ಆಲ್ಬಂಗೂ ವ್ಯತ್ಯಾಸವಿದೆ. ಆಲ್ಬಂ ಒಂದೇ ಮನೆಯೊಳಗಿನ ಕೋಣೆ. ಲೈಬ್ರರಿ ಬೇರೆಯೇ ಮನೆ. ಒಂದು ಚಿತ್ರ ಹತ್ತು ಆಲ್ಬಂಗಳಲ್ಲಿ ಕಾಣಿಸಿಕೊಂಡರೂ ಅದರ ಕಡತ ಒಂದೇ. ಅದೇ ಚಿತ್ರ ಎರಡು ಲೈಬ್ರರಿಗಳಲ್ಲಿ ಇರಬೇಕಾದರೆ ಎರಡು ದಾಖಲೆಗಳು ಬೇಕು, ಹಲವು ಸಲ ಕಡತದ ಎರಡು ಪ್ರತಿಗಳೇ ಬೇಕು. ಒಂದು ಲೈಬ್ರರಿಯಲ್ಲಿ ನಡೆಸಿದ ಹುಡುಕಾಟ ಇನ್ನೊಂದರ ಒಳಗೆ ಇಣುಕುವುದಿಲ್ಲ. ಮದುವೆ, ಪ್ರವಾಸ, ಹಬ್ಬಗಳ ಚಿತ್ರಗಳನ್ನು ವಿಂಗಡಿಸಲು ಆಲ್ಬಂ ಸಾಕು. ಗೋಡೆಯೇ ಬೇಕಾದಾಗ ಮಾತ್ರ ಪ್ರತ್ಯೇಕ ಲೈಬ್ರರಿಯ ಪ್ರಶ್ನೆ ಬರುತ್ತದೆ.

ಚಿತ್ರ ಮತ್ತು ಸೂಚಿ

ಕಂದಾಯ ದಾಖಲೆಯ ಮಾತಿನಲ್ಲಿ ಹೇಳುವುದಾದರೆ ಚಿತ್ರದ ಕಡತ ಜಮೀನು, ತಂತ್ರಾಂಶದ ಸೂಚಿ ಪಹಣಿ. ಪಹಣಿಯನ್ನು ಬೇರೆ ಕಪಾಟಿಗೆ ಸಾಗಿಸಿದರೆ ಜಮೀನು ಕದಲುವುದಿಲ್ಲ. ಜಮೀನಿನ ಗಡಿ ಬದಲಾದದ್ದು ಪಹಣಿಗೆ ತಾನಾಗಿ ತಿಳಿಯುವುದೂ ಇಲ್ಲ. ಪ್ರತ್ಯೇಕ ಸಂಗ್ರಹಗಳ ವಿಷಯದಲ್ಲಿ ಎದುರಾಗುವ ಹೆಚ್ಚಿನ ತೊಡಕುಗಳು ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ ಹುಟ್ಟುತ್ತವೆ.

ಸಾಮಾನ್ಯವಾಗಿ ಒಂದು ಸಂಗ್ರಹದಲ್ಲಿ ಮೂರು ಪದರಗಳಿರುತ್ತವೆ. ಮೊದಲನೆಯದು ಕ್ಯಾಮೆರಾದಿಂದ ಬಂದ ಮೂಲ ಕಡತ. ಎರಡನೆಯದು ಡೇಟಾಬೇಸ್: ಯಾವ ಚಿತ್ರ ಡಿಸ್ಕಿನ ಯಾವ ಫೋಲ್ಡರಿನಲ್ಲಿದೆ, ಅದಕ್ಕೆ ಎಷ್ಟು ನಕ್ಷತ್ರ ಕೊಟ್ಟಿದೆ, ಯಾವ ಟ್ಯಾಗ್ ಹಾಕಿದೆ, ಅದರಲ್ಲಿ ಯಾರ ಮುಖವಿದೆ ಎಂಬ ವಿವರಗಳೆಲ್ಲ ಇದರಲ್ಲಿರುತ್ತವೆ. ಮೂರನೆಯದು ಬೇಗ ತೋರಿಸಲೆಂದು ಸಿದ್ಧಪಡಿಸಿಟ್ಟ ಚಿಕ್ಕ ಚಿತ್ರಗಳು. ಇವು ಅಳಿಸಿಹೋದರೆ ತಂತ್ರಾಂಶ ಮೂಲ ಕಡತಗಳಿಂದ ಮತ್ತೆ ತಯಾರಿಸಿಕೊಳ್ಳುತ್ತದೆ. ಡೇಟಾಬೇಸಿಗೆ ಆ ಅನುಕೂಲವಿಲ್ಲ. ಬೆಳಕು, ಬಣ್ಣ ತಿದ್ದಿದಾಗ ಇಂದಿನ ತಂತ್ರಾಂಶಗಳು ಮೂಲ ಕಡತವನ್ನು ಮುಟ್ಟದೆ, ತಿದ್ದುಪಡಿಯನ್ನು ಸೂಚನೆಗಳ ರೂಪದಲ್ಲಿ ಮಾತ್ರ ಬರೆದಿಡುತ್ತವೆ. ಹೀಗಾಗಿ ಡೇಟಾಬೇಸ್ ಕಳೆದರೆ ವರ್ಷಗಟ್ಟಲೆ ಮಾಡಿದ ತಿದ್ದುವ ಕೆಲಸವೂ ಕಳೆಯಬಹುದು.

ಡೇಟಾಬೇಸಿಗಾಗಿ ಬಹುತೇಕ ತಂತ್ರಾಂಶಗಳು ಎಸ್‌ಕ್ಯೂಲೈಟ್ ಅನ್ನು ನೆಚ್ಚಿಕೊಂಡಿವೆ. ರಿಚರ್ಡ್ ಹಿಪ್ 2000ದಲ್ಲಿ ಬರೆದು ಹೊರತಂದ ಈ ಸಾಧನ ಇಡೀ ಡೇಟಾಬೇಸನ್ನು ಒಂದೇ ಕಡತದಲ್ಲಿ ಇಡುತ್ತದೆ. ಲೈಟ್‌ರೂಮ್ ಕ್ಲಾಸಿಕ್, ಆ್ಯಪಲ್ ಫೋಟೋಸ್, ಡಾರ್ಕ್‌ಟೇಬಲ್, ಶಾಟ್‌ವೆಲ್ ಇದನ್ನೇ ಬಳಸುತ್ತವೆ. ಸೂಚಿಯೇ ಒಂದು ಕಡತವಾಗಿರುವುದರಿಂದ, ಅಂಥ ಇನ್ನೊಂದು ಕಡತ ತೆರೆದರೆ ಇನ್ನೊಂದು ಲೈಬ್ರರಿ ಸಿದ್ಧ. ಪ್ರತ್ಯೇಕ ಸಂಗ್ರಹಗಳು ತಾಂತ್ರಿಕವಾಗಿ ಇಷ್ಟು ಸುಲಭವಾಗಿರುವುದು ಇದರಿಂದಲೇ.

ಮೂಲ ಕಡತಗಳನ್ನು ಇಡುವಲ್ಲಿ ಎರಡು ಸಂಪ್ರದಾಯಗಳಿವೆ. ಒಂದರಲ್ಲಿ ತಂತ್ರಾಂಶ ಚಿತ್ರಗಳನ್ನು ತನ್ನ ಪೆಟ್ಟಿಗೆಯೊಳಗೇ ನಕಲು ಮಾಡಿಕೊಂಡು ಜೋಪಾನ ಮಾಡುತ್ತದೆ. ಇನ್ನೊಂದರಲ್ಲಿ ಚಿತ್ರಗಳು ಬಳಕೆದಾರರ ಫೋಲ್ಡರುಗಳಲ್ಲೇ ಉಳಿದು, ತಂತ್ರಾಂಶ ಅವುಗಳ ವಿಳಾಸವನ್ನಷ್ಟೇ ಬರೆದುಕೊಳ್ಳುತ್ತದೆ. ಮೊದಲನೆಯದರಲ್ಲಿ ಪೆಟ್ಟಿಗೆಯನ್ನು ಎತ್ತಿ ಬೇರೆ ಡಿಸ್ಕಿಗೆ ಹಾಕಿದರೆ ಎಲ್ಲವೂ ಜೊತೆಗೆ ಹೋಗುತ್ತದೆ. ಎರಡನೆಯದರಲ್ಲಿ ತಂತ್ರಾಂಶದ ಹೊರಗಿನಿಂದ ಫೋಲ್ಡರಿನ ಹೆಸರು ಬದಲಿಸಿದರೂ ಸಾಕು, ಸೂಚಿಗೆ ಚಿತ್ರ ಸಿಗದೆ ಹೋಗುತ್ತದೆ. ಅದರ ಬದಲಿಗೆ ಸಿಗುವ ಲಾಭ ದೊಡ್ಡದು: ತಂತ್ರಾಂಶವೇ ಇಲ್ಲವಾದರೂ ಚಿತ್ರಗಳು ತಮ್ಮ ಜಾಗದಲ್ಲೇ ಇರುತ್ತವೆ.

ಬೆಳೆದುಬಂದ ಬಗೆ

ಸಾಮಾನ್ಯ ಬಳಕೆದಾರರಿಗೆ ಲೈಬ್ರರಿಯ ಕಲ್ಪನೆಯನ್ನು ಪರಿಚಯಿಸಿದವುಗಳಲ್ಲಿ ಆ್ಯಪಲ್ ಸಂಸ್ಥೆ 2002ರ ಜನವರಿಯಲ್ಲಿ ಹೊರತಂದ ಐಫೋಟೋ ಮುಖ್ಯವಾದುದು. ಅದರ ಮೊದಲ ಆವೃತ್ತಿಗಳು ಕೆಲವು ಸಾವಿರ ಚಿತ್ರಗಳು ಸೇರುತ್ತಲೇ ನಿಧಾನವಾಗುತ್ತಿದ್ದವು. ಹೊರೆ ಹಗುರ ಮಾಡಿಕೊಳ್ಳಲು ಜನ ಸಂಗ್ರಹವನ್ನು ಒಡೆದರು. ಒಡೆದ ಭಾಗಗಳ ನಡುವೆ ಓಡಾಡಲು ಫ್ಯಾಟ್ ಕ್ಯಾಟ್ ಸಾಫ್ಟ್‌ವೇರ್ ಸಂಸ್ಥೆಯ ಐಫೋಟೋ ಲೈಬ್ರರಿ ಮ್ಯಾನೇಜರ್‌ನಂಥ ಹೊರಗಿನ ಸಾಧನಗಳು ಹುಟ್ಟಿಕೊಂಡವು. ಆಪ್ಷನ್ ಕೀಲಿಯನ್ನು ಒತ್ತಿ ಹಿಡಿದು ತಂತ್ರಾಂಶವನ್ನು ತೆರೆದರೆ ಯಾವ ಲೈಬ್ರರಿ ಬೇಕೆಂದು ಕೇಳುವ ಏರ್ಪಾಡು ಮುಂದೆ ಐಫೋಟೋದಲ್ಲೇ ಬಂತು.

ವಿಂಡೋಸ್ ಬಳಸುವವರಲ್ಲಿ ಪಿಕಾಸಾ ಮನೆಮಾತಾಯಿತು. ಗೂಗಲ್ 2004ರಲ್ಲಿ ಕೊಂಡುಕೊಂಡ ಈ ತಂತ್ರಾಂಶ ಫೋಲ್ಡರುಗಳನ್ನು ಇದ್ದಲ್ಲೇ ಬಿಟ್ಟು ಸೂಚಿ ಮಾತ್ರ ತಯಾರಿಸುತ್ತಿತ್ತು. ಆದರೆ ಕಂಪ್ಯೂಟರಿನ ಒಂದು ಬಳಕೆದಾರ ಖಾತೆಗೆ ಒಂದೇ ಸೂಚಿ. ಬೇರೆ ಸಂಗ್ರಹ ಬೇಕಾದವರಿಗೆ ಇದ್ದ ನೇರ ದಾರಿಯೆಂದರೆ ವಿಂಡೋಸ್‌ನಲ್ಲೇ ಇನ್ನೊಂದು ಬಳಕೆದಾರ ಖಾತೆ ತೆರೆಯುವುದು.

ವೃತ್ತಿಪರರಿಗಾಗಿ ಆ್ಯಪಲ್ 2005ರಲ್ಲಿ ಅಪರ್ಚರ್ ಅನ್ನೂ ಅಡೋಬಿ 2007ರ ಫೆಬ್ರವರಿಯಲ್ಲಿ ಲೈಟ್‌ರೂಮ್ ಅನ್ನೂ ಬಿಡುಗಡೆ ಮಾಡಿದವು. ಅದೇ ವರ್ಷ ಬಂದ ಲೈಟ್‌ರೂಮ್ 1.1ರಲ್ಲಿ ಲೈಬ್ರರಿ ಎಂಬ ಹೆಸರು ಹೋಗಿ ಕ್ಯಾಟಲಾಗ್ ಎಂಬುದು ಬಂತು. ಕ್ಯಾಟಲಾಗಿನ ಒಂದು ಭಾಗವನ್ನು ಬೇರೆ ಮಾಡಿ ಕಳಿಸುವ, ಇನ್ನೊಂದು ಕ್ಯಾಟಲಾಗನ್ನು ಒಳಗೆ ಸೇರಿಸಿಕೊಳ್ಳುವ ಆಜ್ಞೆಗಳೂ ಜೊತೆಗೆ ಬಂದವು. ಪ್ರವಾಸದಲ್ಲಿ ಲ್ಯಾಪ್‌ಟಾಪಿನಲ್ಲಿ ಮಾಡಿದ ಕೆಲಸವನ್ನು ಮನೆಯ ಕಂಪ್ಯೂಟರಿನ ಸಂಗ್ರಹಕ್ಕೆ ಕೂಡಿಸುವುದು ಇದರಿಂದ ಸಾಧ್ಯವಾಯಿತು. ಐಫೋಟೋ ಮತ್ತು ಅಪರ್ಚರ್ 2012ರಲ್ಲಿ ಒಂದೇ ಬಗೆಯ ಲೈಬ್ರರಿಯನ್ನು ಹಂಚಿಕೊಳ್ಳತೊಡಗಿದವು. ಇವೆರಡನ್ನೂ ನಿಲ್ಲಿಸುವುದಾಗಿ 2014ರಲ್ಲಿ ಪ್ರಕಟಿಸಿದ ಆ್ಯಪಲ್, 2015ರ ಏಪ್ರಿಲ್‌ನಲ್ಲಿ ಫೋಟೋಸ್ ಎಂಬ ಹೊಸ ತಂತ್ರಾಂಶವನ್ನು ತಂದಿತು. ಪಿಕಾಸಾ 2016ರ ಮಾರ್ಚ್‌ನಲ್ಲಿ ನಿಂತಿತು.

ಐಫೋಟೋದಿಂದ ಫೋಟೋಸ್‌ಗೆ ದಾಟಿದವರು ಎರಡು ಲೈಬ್ರರಿಗಳು ಡಿಸ್ಕಿನಲ್ಲಿ ಎರಡು ಪಟ್ಟು ಜಾಗ ತಿನ್ನುತ್ತಿವೆ ಎಂದು ಗಾಬರಿಗೊಂಡದ್ದುಂಟು. ನಿಜದಲ್ಲಿ ಹಾಗಿರಲಿಲ್ಲ. ಫೋಟೋಸ್ ಹಾರ್ಡ್ ಲಿಂಕ್ ಎಂಬ ಏರ್ಪಾಡಿನ ಮೂಲಕ ಡಿಸ್ಕಿನಲ್ಲಿರುವ ಒಂದೇ ಕಡತಕ್ಕೆ ಎರಡು ಹೆಸರು ಕೊಟ್ಟಿತ್ತು. ಹಳೆಯ ಲೈಬ್ರರಿಯನ್ನು ಅಳಿಸಿದರೂ ಹೊಸದರ ಹೆಸರಿನಲ್ಲಿ ಚಿತ್ರ ಉಳಿಯುತ್ತಿತ್ತು, ಆದರೆ ಅಳಿಸಿದ್ದರಿಂದ ಹೆಚ್ಚಿನ ಜಾಗವೇನೂ ಬಿಡುವಾಗುತ್ತಿರಲಿಲ್ಲ.

ಬೇರ್ಪಡಿಸಲು ಕಾರಣಗಳು

ಹಿಂದೆ ಸಂಗ್ರಹ ಒಡೆಯಲು ಮುಖ್ಯ ಕಾರಣ ವೇಗ. ಇಂದು ಲಕ್ಷಾಂತರ ಚಿತ್ರಗಳ ಒಂದೇ ಕ್ಯಾಟಲಾಗೂ ಸಲೀಸಾಗಿ ನಡೆಯುವುದರಿಂದ ಆ ಕಾರಣದ ತೂಕ ಇಳಿದಿದೆ. ಉಳಿದ ಕಾರಣಗಳು ಗಟ್ಟಿಯಾಗಿಯೇ ಇವೆ. ಗಿರಾಕಿಗಳ ಚಿತ್ರಗಳು ಮನೆಯವರ ಚಿತ್ರಗಳೊಂದಿಗೆ ಬೆರೆಯಬಾರದು ಎಂಬುದು ಮೊದಲನೆಯದು. ವೈದ್ಯಕೀಯ ಚಿತ್ರ, ನ್ಯಾಯಾಲಯದ ಸಾಕ್ಷ್ಯ, ಕಾರ್ಖಾನೆಯ ಗುಟ್ಟಿನ ಮಾದರಿ ಇಂಥವನ್ನು ಮನೆಯ ಟಿ.ವಿ.ಯಲ್ಲಿ ತೋರಿಸುವ ಸಂಗ್ರಹದಲ್ಲಿ ಇಡುವಂತಿಲ್ಲ. ಒಂದು ಕೆಲಸ ಮುಗಿದ ಮೇಲೆ ಅದರ ಚಿತ್ರಗಳನ್ನು ಸೂಚಿಸಹಿತ ಒಂದು ಡಿಸ್ಕಿಗೆ ಹಾಕಿ ಕಪಾಟಿನಲ್ಲಿ ಇಟ್ಟುಬಿಡುವ ಅನುಕೂಲ ಎರಡನೆಯದು. ಲ್ಯಾಪ್‌ಟಾಪಿನ ಚಿಕ್ಕ ಡಿಸ್ಕಿನಲ್ಲಿ ಈ ವರ್ಷದ್ದನ್ನು, ಹೊರಗಿನ ದೊಡ್ಡ ಡಿಸ್ಕಿನಲ್ಲಿ ಹಳೆಯದನ್ನು ಇಡುವ ಅಗತ್ಯ ಮೂರನೆಯದು. ಅಜ್ಜನ ಕಾಲದ ಫೋಟೋಗಳನ್ನು ಸ್ಕ್ಯಾನ್ ಮಾಡಿ, ತೆಗೆದ ದಿನಾಂಕವನ್ನು ಊಹಿಸಿ ಬರೆಯುತ್ತಿರುವವರು ಆ ಕೆಲಸ ಮುಗಿಯುವ ತನಕ ಅವನ್ನು ಬೇರೆ ಇಡಲು ಬಯಸುವುದೂ ಸಹಜ.

ಗೋಡೆ ಕಟ್ಟಿದ್ದಕ್ಕೆ ಬೆಲೆಯೂ ಇದೆ. ಎರಡೂ ಕಡೆ ಒಟ್ಟಿಗೆ ಹುಡುಕಲಾಗುವುದಿಲ್ಲ. ಒಂದರಲ್ಲಿ ‘ಮದುವೆ’ ಎಂದೂ ಇನ್ನೊಂದರಲ್ಲಿ ‘ವಿವಾಹ’ ಎಂದೂ ಟ್ಯಾಗ್ ಬೆಳೆದು ಪದಕೋಶಗಳು ಬೇರೆಯಾಗುತ್ತವೆ. ಮುಖ ಗುರುತಿಸುವ ಕೆಲಸವನ್ನು ಪ್ರತಿ ಲೈಬ್ರರಿಗೂ ಮೊದಲಿನಿಂದ ಕಲಿಸಬೇಕಾಗುತ್ತದೆ. ಯಾವ ಚಿತ್ರ ಎಲ್ಲಿದೆಯೆಂದು ನೆನಪಿಡುವ ಹೊಣೆ, ಯಾವುದಕ್ಕಾಗಿ ತಂತ್ರಾಂಶವನ್ನು ತಂದಿತ್ತೋ ಅದೇ ಹೊಣೆ, ಮರಳಿ ಮನುಷ್ಯನ ತಲೆಗೇ ಬೀಳುತ್ತದೆ. ಆದ್ದರಿಂದ ಖಾಸಗಿತನ, ಒಡೆತನ ಅಥವಾ ಡಿಸ್ಕಿನ ಜಾಗ ಒತ್ತಾಯಿಸದ ಹೊರತು ಒಂದೇ ಸಂಗ್ರಹವನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದೇ ಮೇಲು.

ಮುಖ್ಯ ತಂತ್ರಾಂಶಗಳಲ್ಲಿನ ಕ್ರಮ

ಆ್ಯಪಲ್ ಫೋಟೋಸ್‌ನಲ್ಲಿ ಎಷ್ಟು ಲೈಬ್ರರಿಗಳನ್ನಾದರೂ ತೆರೆಯಬಹುದು. ಆಪ್ಷನ್ ಕೀಲಿಯ ಹಳೆಯ ರೂಢಿ ಇಲ್ಲಿಯೂ ಮುಂದುವರಿದಿದೆ. ಆದರೆ ಅವುಗಳಲ್ಲಿ ಒಂದಕ್ಕೆ ಮಾತ್ರ ಸಿಸ್ಟಂ ಫೋಟೋ ಲೈಬ್ರರಿ ಎಂಬ ಪಟ್ಟ. ಐಕ್ಲೌಡ್ ಜೊತೆ ಹೊಂದಿಕೊಳ್ಳುವುದು ಅದೊಂದೇ. ಬೇರೆ ತಂತ್ರಾಂಶಗಳು ಚಿತ್ರ ಕೇಳಿದಾಗ ಕಾಣುವುದೂ ಅದೇ. ಪಟ್ಟವನ್ನು ಇನ್ನೊಂದು ಲೈಬ್ರರಿಗೆ ವರ್ಗಾಯಿಸಿ ಐಕ್ಲೌಡ್ ಚಾಲೂ ಮಾಡಿದರೆ, ಹೊಸದರ ಚಿತ್ರಗಳು ಕ್ಲೌಡ್‌ನಲ್ಲಿ ಆಗಲೇ ಇರುವ ಚಿತ್ರಗಳೊಂದಿಗೆ ಬೆರೆತುಹೋಗುತ್ತವೆ. ಬೇರೆ ಇರಲೆಂದೇ ಕಟ್ಟಿದ ಸಂಗ್ರಹ ಒಂದು ಗುಂಡಿ ಒತ್ತಿದ್ದರಿಂದ ಬೆರೆತಮೇಲೆ ಬಿಡಿಸುವುದು ತುಂಬಾ ಕಷ್ಟ. ಹೊರಗಿನ ಫೋಲ್ಡರಿನಲ್ಲೇ ಉಳಿಸಿ ವಿಳಾಸ ಮಾತ್ರ ಬರೆದುಕೊಂಡ ಚಿತ್ರಗಳು ಐಕ್ಲೌಡ್‌ಗೆ ಏರುವುದಿಲ್ಲ. ಲೈಬ್ರರಿ ಹೊರನೋಟಕ್ಕೆ ಒಂದೇ ಕಡತದಂತೆ ಕಂಡರೂ ಅದು ಮೂಲ ಚಿತ್ರಗಳನ್ನೂ ಡೇಟಾಬೇಸನ್ನೂ ಹೊತ್ತ ಪೆಟ್ಟಿಗೆ. ಅದರೊಳಗೆ ಕೈ ಹಾಕಿ ಕಡತ ಸರಿಸುವುದು ಸಲ್ಲದು.

ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಒಂದು ಸಲಕ್ಕೆ ಒಂದೇ ಕ್ಯಾಟಲಾಗ್ ತೆರೆದಿರುತ್ತದೆ; ಇನ್ನೊಂದನ್ನು ಆರಿಸಿದರೆ ತಂತ್ರಾಂಶ ಮುಚ್ಚಿ ಮತ್ತೆ ತೆರೆದುಕೊಳ್ಳುತ್ತದೆ. ಚಿತ್ರಗಳು ನೆಟ್‌ವರ್ಕ್ ಡಿಸ್ಕಿನಲ್ಲಿ ಇರಬಹುದು, ಕ್ಯಾಟಲಾಗ್ ಇರುವಂತಿಲ್ಲ. ಕ್ಲೌಡ್ ಜೊತೆ ಹೊಂದಿಸಲು ಸಿಗುವುದು ಒಂದೇ ಕ್ಯಾಟಲಾಗ್. 2017ರ ಅಕ್ಟೋಬರ್‌ನಲ್ಲಿ ಅಡೋಬಿ ಬೇರೆಯಾಗಿ ತಂದ ಕ್ಲೌಡ್ ಆಧಾರಿತ ಲೈಟ್‌ರೂಮ್‌ನಲ್ಲಿ ಕ್ಯಾಟಲಾಗ್‌ಗಳ ಮಾತೇ ಇಲ್ಲ; ಒಂದು ಖಾತೆಗೆ ಒಂದು ಸಂಗ್ರಹ.

ಕ್ಯಾಪ್ಚರ್ ವನ್ ಇನ್ನೊಂದು ದಾರಿ ಹಿಡಿದಿದೆ. ಅದರಲ್ಲಿ ದೀರ್ಘಕಾಲದ ಸಂಗ್ರಹಕ್ಕೆ ಕ್ಯಾಟಲಾಗ್, ಒಂದು ದಿನದ ಅಥವಾ ಒಬ್ಬ ಗಿರಾಕಿಯ ಕೆಲಸಕ್ಕೆ ಸೆಷನ್. ಸೆಷನ್ ತೆರೆದರೆ ತೆಗೆದ ಚಿತ್ರ, ಆಯ್ದ ಚಿತ್ರ, ಸಿದ್ಧಗೊಂಡ ಚಿತ್ರ, ಕಸ ಎಂಬ ನಾಲ್ಕು ಫೋಲ್ಡರುಗಳು ಹುಟ್ಟುತ್ತವೆ. ತಿದ್ದುಪಡಿಯ ಸೂಚನೆಗಳು ಆಯಾ ಚಿತ್ರದ ಫೋಲ್ಡರಿನೊಳಗೇ ಉಳಿಯುವುದರಿಂದ ಇಡೀ ಸೆಷನ್ ಅನ್ನು ಎತ್ತಿ ಇನ್ನೊಬ್ಬರ ಕಂಪ್ಯೂಟರಿಗೆ ಕೊಡಬಹುದು. ಸ್ಟುಡಿಯೋ ಕೆಲಸಕ್ಕೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ.

ಮುಕ್ತ ತಂತ್ರಾಂಶಗಳಲ್ಲಿ ಡಿಜಿಕ್ಯಾಮ್ ಒಂದೇ ಡೇಟಾಬೇಸಿನ ಅಡಿಯಲ್ಲಿ ಹಲವು ಸಂಗ್ರಹಗಳನ್ನು ಒಪ್ಪುತ್ತದೆ. ಕಂಪ್ಯೂಟರಿನೊಳಗಿನದು, ಹೊರಗಿನ ಡಿಸ್ಕಿನದು, ನೆಟ್‌ವರ್ಕಿನದು ಎಂದು ಮೂರು ಬಗೆ. ಹೊರಗಿನ ಡಿಸ್ಕನ್ನು ಕಳಚಿದರೂ ಅದರ ಚಿತ್ರಗಳ ದಾಖಲೆ ಸೂಚಿಯಲ್ಲಿ ಉಳಿಯುತ್ತದೆ, ಮತ್ತೆ ಜೋಡಿಸಿದಾಗ ಗುರುತು ಹಿಡಿಯುತ್ತದೆ. ಜಾಗ ಬೇರೆ ಬೇರೆ, ಹುಡುಕಾಟ ಒಂದೇ ಆಗಬೇಕೆನ್ನುವವರಿಗೆ ಇದು ಒಳ್ಳೆಯ ಉತ್ತರ. ಪೂರ್ತಿ ಬೇರೆ ಬೇಕಾದವರು ಡೇಟಾಬೇಸಿನ ಫೋಲ್ಡರನ್ನೇ ಬೇರೆ ಸೂಚಿಸಿ ಅದನ್ನು ತೆರೆಯಬಹುದು. ಡಾರ್ಕ್‌ಟೇಬಲ್‌ಗೆ ಆರಂಭದ ಆಜ್ಞೆಯಲ್ಲೇ ಬೇರೆ ಲೈಬ್ರರಿಯ ಹೆಸರು ಕೊಡಬಹುದು. ಅದು ಪ್ರತಿ ಚಿತ್ರದ ಪಕ್ಕದಲ್ಲೂ ತಿದ್ದುಪಡಿಗಳ ಒಂದು ಸಹಚರ ಕಡತ ಬರೆದಿಡುವುದರಿಂದ, ಲೈಬ್ರರಿ ಅಳಿದರೂ ಫೋಲ್ಡರನ್ನು ಮತ್ತೆ ಸೇರಿಸಿ ಕೆಲಸದ ಬಹುಪಾಲನ್ನು ಮರಳಿ ಪಡೆಯಬಹುದು.

ಭಾಗಿಸುವುದು, ಕೂಡಿಸುವುದು

ಜಮೀನಿನ ಪೋಡಿಯಲ್ಲಿ ನೆಲವನ್ನು ಅಳೆಯುವುದರ ಜೊತೆಗೆ ದಾಖಲೆಯನ್ನೂ ಬೇರೆ ಮಾಡುತ್ತಾರೆ. ಚಿತ್ರಸಂಗ್ರಹವನ್ನು ಭಾಗಿಸುವಾಗಲೂ ಎರಡೂ ಆಗಬೇಕು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಒಂದು ಫೋಲ್ಡರನ್ನು ಆರಿಸಿ ಬೇರೆ ಕ್ಯಾಟಲಾಗ್ ಆಗಿ ಕಳಿಸುವಾಗ, ಮೂಲ ಕಡತಗಳನ್ನೂ ಜೊತೆಗೆ ಒಯ್ಯಬೇಕೆ ಎಂದು ತಂತ್ರಾಂಶ ಕೇಳುತ್ತದೆ. ಬೇಡ ಎಂದರೆ ಹೊಸ ಕ್ಯಾಟಲಾಗ್ ಹಳೆಯ ಕಡತಗಳನ್ನೇ ಬೊಟ್ಟುಮಾಡುತ್ತದೆ. ಆಗ ಒಂದೇ ಜಮೀನಿಗೆ ಎರಡು ಪಹಣಿ. ಒಂದರಲ್ಲಿ ಕಡತವನ್ನು ಡಿಸ್ಕಿನಿಂದ ಅಳಿಸಿದರೆ ಇನ್ನೊಂದರಲ್ಲಿ ಬರಿ ದಾಖಲೆ ಉಳಿಯುತ್ತದೆ. ಕಳಿಸಿದ ಮಾತ್ರಕ್ಕೆ ಹಳೆಯ ಕ್ಯಾಟಲಾಗಿನಿಂದ ಚಿತ್ರಗಳು ತಾವಾಗಿ ಹೊರಟುಹೋಗುವುದೂ ಇಲ್ಲ. ಹೊಸದನ್ನು ತೆರೆದು, ಎಣಿಸಿ, ಮೂಲ ಕಡತಗಳು ಸಿಗುತ್ತಿವೆಯೆಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಹಳೆಯದರಿಂದ ತೆಗೆಯಬೇಕು.

ಕೂಡಿಸುವಾಗಿನ ದೊಡ್ಡ ತಲೆನೋವು ನಕಲುಗಳದು. ಹೆಸರು ಒಂದೇ ಆದ ಎರಡು ಕಡತಗಳಲ್ಲಿ ಬೇರೆ ಬೇರೆ ಚಿತ್ರ ಇರಬಹುದು, ಏಕೆಂದರೆ ಕ್ಯಾಮೆರಾಗಳ ಎಣಿಕೆ 9999 ಆದಮೇಲೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹೆಸರು ಬೇರೆಯಾದ ಎರಡು ಕಡತಗಳಲ್ಲಿ ಒಂದೇ ಚಿತ್ರ ಇರಲೂಬಹುದು. ಕಡತದ ಒಳಗಿನ ಬೈಟುಗಳಿಂದ ಲೆಕ್ಕ ಹಾಕಿ ತೆಗೆದ ಗುರುತುಸಂಖ್ಯೆ, ಎಂದರೆ ಹ್ಯಾಶ್, ಎರಡರಲ್ಲೂ ಒಂದೇ ಆಗಿದ್ದರೆ ಕಡತಗಳು ಅಕ್ಷರಶಃ ಒಂದೇ ಎಂದು ತಿಳಿಯಬಹುದು. ಗಾತ್ರ ಕುಗ್ಗಿಸಿದ ಪ್ರತಿ ಅಥವಾ ವಾಟ್ಸಾಪ್‌ನಲ್ಲಿ ಹೋಗಿ ಬಂದ ಪ್ರತಿಯನ್ನು ಹ್ಯಾಶ್ ಹಿಡಿಯಲಾರದು. ಅದಕ್ಕೆ ನೋಟದ ಹೋಲಿಕೆಯನ್ನು ಅಳೆಯುವ ವಿಧಾನ ಬೇಕು. ಡಿಜಿಕ್ಯಾಮ್‌ನಲ್ಲಿ ಈ ಸೌಲಭ್ಯವಿದೆ.

ಚಿತ್ರದ ಜೊತೆ ಸಾಗುವ ಮಾಹಿತಿ

ಲೈಬ್ರರಿಯಿಂದ ಲೈಬ್ರರಿಗೆ, ತಂತ್ರಾಂಶದಿಂದ ತಂತ್ರಾಂಶಕ್ಕೆ ಹೋಗುವಾಗ ಏನು ಉಳಿಯುತ್ತದೆ ಎಂಬುದು ಮಾಹಿತಿಯನ್ನು ಎಲ್ಲಿ ಬರೆದಿದೆ ಎಂಬುದನ್ನು ಅವಲಂಬಿಸಿದೆ. ಚಿತ್ರ ತೆಗೆದ ಹೊತ್ತು, ಕ್ಯಾಮೆರಾದ ವಿವರಗಳನ್ನು 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಎಕ್ಸಿಫ್ ಪದ್ಧತಿಯಂತೆ ಕ್ಯಾಮೆರಾವೇ ಕಡತದೊಳಗೆ ಬರೆಯುತ್ತದೆ. ಪತ್ರಿಕಾ ಲೋಕಕ್ಕಾಗಿ ಹುಟ್ಟಿದ ಐಪಿಟಿಸಿ ಪದ್ಧತಿಯಲ್ಲಿ ಶೀರ್ಷಿಕೆ, ಛಾಯಾಗ್ರಾಹಕರ ಹೆಸರು, ಹಕ್ಕುಸ್ವಾಮ್ಯ ಸೇರುತ್ತವೆ. ಅಡೋಬಿ 2001ರಲ್ಲಿ ತಂದ, 2012ರಲ್ಲಿ ಐಎಸ್‌ಒ ಮಾನಕವಾದ ಎಕ್ಸ್‌ಎಂಪಿ ಇವೆಲ್ಲವನ್ನೂ ಯೂನಿಕೋಡ್‌ನಲ್ಲಿ ಬರೆಯಲು ಅವಕಾಶ ಕೊಟ್ಟಿತು. ಜೆಪೆಗ್‌ನಲ್ಲಿ ಅದು ಕಡತದೊಳಗೇ ಕೂರುತ್ತದೆ. ಕ್ಯಾಮೆರಾ ಕಂಪನಿಗಳ ರಾ ಕಡತಗಳಿಗಾದರೆ ಪಕ್ಕದಲ್ಲಿ ಒಂದು ಸಹಚರ ಕಡತವಾಗಿ ನಿಲ್ಲುತ್ತದೆ.

ಎಲ್ಲವೂ ಹೀಗೆ ಜೊತೆಗೆ ಬರುವುದಿಲ್ಲ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ನಕ್ಷತ್ರ, ಟ್ಯಾಗ್, ತಿದ್ದುಪಡಿಯ ಸೂಚನೆಗಳನ್ನು ಎಕ್ಸ್‌ಎಂಪಿಗೆ ಬರೆಸಬಹುದು. ಕಲೆಕ್ಷನ್‌ಗಳು, ಒಂದೇ ಚಿತ್ರದ ವರ್ಚುವಲ್ ಪ್ರತಿಗಳು ಕ್ಯಾಟಲಾಗಿನಲ್ಲೇ ಉಳಿಯುತ್ತವೆ. ತಾನಾಗಿ ಬರೆಯುವ ಸೌಲಭ್ಯವನ್ನೂ ಬಳಕೆದಾರರೇ ಚಾಲೂ ಮಾಡಬೇಕು. ಗೂಗಲ್ ಫೋಟೋಸ್‌ನಿಂದ ಚಿತ್ರಗಳನ್ನು ಮೂಟೆ ಕಟ್ಟಿ ತರಿಸಿಕೊಂಡರೆ, ಅಲ್ಲಿ ಬರೆದ ವಿವರಣೆ ಮುಂತಾದವು ಚಿತ್ರದೊಳಗಿರದೆ ಪಕ್ಕದ ಜೇಸನ್ ಕಡತಗಳಲ್ಲಿ ಬರುತ್ತವೆ.

ಕನ್ನಡದ ಹೆಸರುಗಳು

ಕನ್ನಡದಲ್ಲಿ ಟ್ಯಾಗ್ ಬರೆಯುವವರಿಗೆ ಎರಡು ವಿಶೇಷ ಎಚ್ಚರಿಕೆಗಳು ಬೇಕು. ಯೂನಿಕೋಡ್‌ಗೆ ಮೊದಲು ನುಡಿ, ಬರಹ ಮುಂತಾದವುಗಳಲ್ಲಿ ಬಳಕೆಯಲ್ಲಿದ್ದ ಫಾಂಟ್ ಆಧಾರಿತ ಸಂಕೇತಗಳಲ್ಲಿ ಟೈಪ್ ಮಾಡಿದ ಶೀರ್ಷಿಕೆಗಳು ಬೇರೆ ತಂತ್ರಾಂಶದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆಯೇ ಹುಡುಕಾಟಕ್ಕೆ ಸಿಗುತ್ತವೆ.

ಎರಡನೆಯದು ಸ್ವರಚಿಹ್ನೆಗಳದು. ‘ಕೊಡಗು’ ಪದದ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ‘ಮೈಸೂರು’ ಪದದ ಐಕಾರವೂ ಹಾಗೆಯೇ. ಮ್ಯಾಕ್‌ನ ಹಳೆಯ ಕಡತವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಕಡತದ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತಿತ್ತು. ಲಿನಕ್ಸ್ ಮತ್ತು ವಿಂಡೋಸ್ ಕಡತವ್ಯವಸ್ಥೆಗಳು ಸಾಮಾನ್ಯವಾಗಿ ಕೊಟ್ಟ ಸಂಕೇತಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತವೆ. ಹೀಗಾಗಿ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ‘ಕೊಡಗು’ ಫೋಲ್ಡರುಗಳು ಯಂತ್ರಕ್ಕೆ ಬೇರೆ ಬೇರೆ ಆಗಿರಬಹುದು, ಸೂಚಿಗೆ ಚಿತ್ರ ಸಿಗದೆ ಹೋಗಬಹುದು. ಮ್ಯಾಕ್, ಲಿನಕ್ಸ್‌ಗಳ ನಡುವೆ ಸಂಗ್ರಹ ಸಾಗಿಸುವವರು ಫೋಲ್ಡರಿಗೆ ದಿನಾಂಕದ ಅಂಕಿಗಳನ್ನೇ ಹೆಸರಾಗಿ ಇಟ್ಟು, ಕನ್ನಡವನ್ನು ಟ್ಯಾಗ್ ಮತ್ತು ಶೀರ್ಷಿಕೆಗಳಲ್ಲಿ ಬರೆದರೆ ಈ ತೊಡಕು ತಪ್ಪುತ್ತದೆ.

ಇಡುವ ಜಾಗ ಮತ್ತು ಬ್ಯಾಕಪ್

ಎಸ್‌ಕ್ಯೂಲೈಟ್ ಕಡತವನ್ನು ಎರಡು ಕಂಪ್ಯೂಟರುಗಳು ಏಕಕಾಲಕ್ಕೆ ನೆಟ್‌ವರ್ಕಿನ ಮೂಲಕ ಬರೆಯಹೊರಟರೆ ಅದು ಕೆಡುವ ಅಪಾಯವಿದೆ. ಇದೇ ಕಾರಣಕ್ಕೆ ಡಿಜಿಕ್ಯಾಮ್ ಹಲವರು ಸೇರಿ ಬಳಸುವಲ್ಲಿ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಡೇಟಾಬೇಸಿನ ದಾರಿ ತೋರಿಸುತ್ತದೆ. ಆ್ಯಪಲ್ ಸಂಸ್ಥೆಯೂ ಫೋಟೋಸ್ ಲೈಬ್ರರಿಯನ್ನು ಪೆನ್‌ಡ್ರೈವ್, ಎಸ್‌ಡಿ ಕಾರ್ಡ್ ಅಥವಾ ನೆಟ್‌ವರ್ಕ್ ಡಿಸ್ಕಿನಲ್ಲಿ ಇಡಬಾರದೆಂದು ಹೇಳುತ್ತದೆ. ತಂತ್ರಾಂಶ ತೆರೆದಿರುವಾಗ ಲೈಬ್ರರಿಯನ್ನು ನಕಲು ಮಾಡುವುದೂ, ತೆರೆದ ಡೇಟಾಬೇಸನ್ನು ಕ್ಲೌಡ್‌ಗೆ ತಾನಾಗಿ ಏರುವ ಫೋಲ್ಡರಿನಲ್ಲಿ ಇಡುವುದೂ ಅರ್ಧ ಬರೆದ ಸ್ಥಿತಿಯ ಪ್ರತಿಯನ್ನು ಹುಟ್ಟಿಸಬಹುದು.

ಸಂಗ್ರಹಗಳು ಹೆಚ್ಚಿದಷ್ಟೂ ಬ್ಯಾಕಪ್‌ನಿಂದ ಒಂದಾದರೂ ತಪ್ಪಿಹೋಗುವ ಸಾಧ್ಯತೆ ಹೆಚ್ಚು. ಲೈಟ್‌ರೂಮ್ ಕ್ಲಾಸಿಕ್ ಮುಚ್ಚುವಾಗ ತೆಗೆದಿಡುವ ಬ್ಯಾಕಪ್ ಕ್ಯಾಟಲಾಗಿನದು ಮಾತ್ರ. ಚಿತ್ರಗಳನ್ನು ಬಳಕೆದಾರರೇ ಬೇರೆಯಾಗಿ ಕಾಪಾಡಬೇಕು. ಕ್ಲೌಡ್ ಹೊಂದಾಣಿಕೆಯನ್ನೂ ಬ್ಯಾಕಪ್ ಎನ್ನಲಾಗದು, ಏಕೆಂದರೆ ಒಂದು ಫೋನಿನಲ್ಲಿ ಅಳಿಸಿದ ಚಿತ್ರ ಎಲ್ಲ ಕಡೆಯೂ ಅಳಿಯುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ ಎಂಬ 3-2-1 ನಿಯಮವನ್ನು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದರು. ಆ ನಿಯಮ ಪ್ರತಿಯೊಂದು ಲೈಬ್ರರಿಗೂ, ಅದರ ಸೂಚಿಗೂ ಕಡತಗಳಿಗೂ ಅನ್ವಯಿಸುತ್ತದೆ.

ಮನೆಮಂದಿಯ ಸಂಗ್ರಹ

ಕ್ಲೌಡ್ ಯುಗದಲ್ಲಿ ಬೇರ್ಪಡಿಸುವ ಗೆರೆ ಡಿಸ್ಕಿನಿಂದ ಖಾತೆಗೆ ಸರಿದಿದೆ. 2015ರ ಮೇ ತಿಂಗಳಲ್ಲಿ ಬಂದ ಗೂಗಲ್ ಫೋಟೋಸ್‌ನಲ್ಲಿ ಒಂದು ಖಾತೆಗೆ ಒಂದೇ ಸಂಗ್ರಹ. ಬೇರೆ ಬೇಕಾದರೆ ಬೇರೆ ಖಾತೆ. ಆ್ಯಪಲ್ 2022ರ ಅಕ್ಟೋಬರ್‌ನಲ್ಲಿ ಐಕ್ಲೌಡ್ ಹಂಚಿಕೆಯ ಲೈಬ್ರರಿಯನ್ನು ತಂದಿತು. ಅದನ್ನು ತೆರೆದವರು ಇನ್ನೂ 5 ಜನರನ್ನು ಸೇರಿಸಿಕೊಳ್ಳಬಹುದು. ಚಿತ್ರಗಳನ್ನು ಸೇರಿಸುವ, ತಿದ್ದುವ, ಅಳಿಸುವ ಅವಕಾಶ ಎಲ್ಲರಿಗೂ ಉಂಟು. ಜಾಗದ ಲೆಕ್ಕ ತೆರೆದವರ ಖಾತೆಗೆ. ಒಂದು ಚಿತ್ರ ಸ್ವಂತ ಲೈಬ್ರರಿಯಲ್ಲಿ ಇರುತ್ತದೆ, ಇಲ್ಲವೇ ಹಂಚಿಕೆಯದರಲ್ಲಿ ಇರುತ್ತದೆ. ಅವಿಭಕ್ತ ಕುಟುಂಬದ ಪೆಟ್ಟಿಗೆಯಂತಿರುವ ಈ ಏರ್ಪಾಡಿನಲ್ಲಿ ಯಾವುದನ್ನು ಒಳಗೆ ಹಾಕಬೇಕು, ಯಾವುದನ್ನು ತನ್ನ ಬಳಿಯೇ ಇಟ್ಟುಕೊಳ್ಳಬೇಕು ಎಂಬುದನ್ನು ಮನೆಮಂದಿಯೇ ಮಾತಾಡಿ ತೀರ್ಮಾನಿಸಬೇಕು.

ಐಫೋಟೋ 13 ವರ್ಷ ನಡೆದು ನಿಂತಿತು. ಅಪರ್ಚರ್‌ಗೆ ಹತ್ತು ವರ್ಷ ತುಂಬುವ ಮೊದಲೇ ಅಂತ್ಯ ಬಂತು. ಕುಟುಂಬದ ಚಿತ್ರಗಳು ಅದಕ್ಕಿಂತ ಬಹಳ ಹೆಚ್ಚು ಕಾಲ ಬಾಳಬೇಕಾದವು. ಆದುದರಿಂದ ಸಂಗ್ರಹಗಳು ಒಂದಿರಲಿ ಐದಿರಲಿ, ಮೂಲ ಕಡತಗಳು ಯಾವ ತಂತ್ರಾಂಶಕ್ಕೂ ಸುಲಭವಾಗಿ ಎಟುಕುವ ಫೋಲ್ಡರುಗಳಲ್ಲಿ ಇರಬೇಕು. ಚಿತ್ರದಲ್ಲಿರುವವರ ಹೆಸರು, ಊರು, ವರ್ಷ ಸೂಚಿಯಲ್ಲಷ್ಟೇ ಅಲ್ಲದೆ ಕಡತದೊಳಗೂ ಬರೆದಿರಬೇಕು. ಆಗ ಮುಂದಿನ ತಲೆಮಾರಿನವರು ಇಂದಿನ ಯಾವ ಲೈಬ್ರರಿಯನ್ನೂ ತೆರೆಯಲಾಗದಿದ್ದರೂ, ಮಸುಕಾದ ಗುಂಪುಚಿತ್ರದಲ್ಲಿ ಎಡದಿಂದ ಮೂರನೆಯವರು ಯಾರೆಂದು ಓದಿ ತಿಳಿದುಕೊಳ್ಳಬಲ್ಲರು.